ಡ್ಯಾಮು ನೋಡಲು ಹೋಗುವವರಿಗೆ



ಮಲೆನಾಡಿನಲ್ಲಿ ಎಂಟು ದಿನ ಬಿಡದೆ ಮಳೆ ಹೊಯ್ದರೆ ಸಾಕು, ನಮ್ಮ ಕಡೆ ಒಂದು ಜಾತ್ರೆ ಶುರುವಾಗುತ್ತದೆ. ಹೊಸಪೇಟೆ ಡ್ಯಾಮು ತುಂಬಿತು, ಗೇಟು ಎತ್ತಿದರು, ನೋಡಾಕ ನಡೀರಿ. ಬಳ್ಳಾರಿಯಿಂದ ಕಾರು ಹೊರಡುತ್ತವೆ, ಸಿರುಗುಪ್ಪದಿಂದ ಜೀಪು ಹೊರಡುತ್ತವೆ, ನಮ್ಮ ಕುರುಗೋಡಿನ ಅಂಗಡಿ ಸಾಹುಕಾರರು ಭಾನುವಾರ ಬಾಗಿಲು ಹಾಕಿ ಹೆಂಡತಿ ಮಕ್ಕಳನ್ನು ಕರಕೊಂಡು ಕಂಪ್ಲಿ ಮೇಲೆ ಹೋಗುತ್ತಾರೆ. ಮರುದಿನದ ಪೇಪರಿನಲ್ಲಿ ನಾಲ್ಕು ಕಾಲಮ್ಮು ಅಗಲದ ಫೋಟೋ. ಅದರ ಕೆಳಗೆ ವರ್ಷಾ ವರ್ಷಾ ಅದೇ ಮಾತು: ಮೈದುಂಬಿದ ತುಂಗಭದ್ರೆ, ಹಾಲ್ನೊರೆ, ಕಣ್ಣಿಗೆ ಹಬ್ಬ, ಪ್ರವಾಸಿಗರ ದಂಡು.

ಯಾರ ಕಣ್ಣಿಗೆ ಹಬ್ಬ ಎಂಬುದೇ ನಮ್ಮ ಪ್ರಶ್ನೆ. ನೀರು ಕಂಡರೆ ನಮಗೆ ಹೊಟ್ಟೆಕಿಚ್ಚಿಲ್ಲ. ಬಯಲುಸೀಮೆಯಲ್ಲಿ ಹುಟ್ಟಿ, ಕೊಡ ಹೊತ್ತ ತಾಯಂದಿರ ಸೊಂಟ ನೋಡಿ ಬೆಳೆದವರು ನಾವು. ನೀರಿನ ಬೆಲೆ ಯಾರೂ ನಮಗೆ ಕಲಿಸಬೇಕಿಲ್ಲ. ಆದರೆ ಈ 'ನೋಡುವುದು' ಎಂಬ ಕೆಲಸ ಇದೆಯಲ್ಲ, ಕಟ್ಟೆ ಮೇಲೆ ನಿಂತು ಕೈಕಟ್ಟಿ ಸುಮ್ಮನೆ ನೋಡುವುದು, ಅದಕ್ಕೆ ಒಂದು ಖರ್ಚಿದೆ. ಆ ಖರ್ಚನ್ನು ಯಾರು ಕೊಡುತ್ತಿದ್ದಾರೆ ಎಂಬ ಲೆಕ್ಕವನ್ನು ಇಲ್ಲಿ ತೆಗೆಯುತ್ತಿದ್ದೇವೆ.

ಮೊದಲು ನೋಡುವಂಥದ್ದು ಏನಿದೆ ಅಂತ ಹೇಳಿಬಿಡುತ್ತೇವೆ. ಗುಡ್ಡಗಳ ನಡುವೆ ಎರಡು ಕಿಲೋಮೀಟರಿಗೂ ಮೀರಿ ಉದ್ದದ ಕಲ್ಲಿನ ಗೋಡೆ. ಅದರಲ್ಲಿ 33 ಗೇಟು. ಹಿಂದೆ, ತುಂಬಿದಾಗ, 370 ಚದರ ಕಿಲೋಮೀಟರಿಗೂ ಹೆಚ್ಚು ಹರಡಿದ ನೀರು. ಕೆಳಗೆ ತೋಟ, ಕಾರಂಜಿ, ಜಿಂಕೆ. ಗುಡ್ಡದ ಮೇಲೆ ಸರ್ಕಾರದ ಅತಿಥಿಗೃಹ. ಅದರ ಹೆಸರು ವೈಕುಂಠ. ಹೆಸರಿಟ್ಟವರು ತಮಾಷೆಗೆ ಇಡಲಿಲ್ಲ, ಭಕ್ತಿಯಿಂದಲೇ ಇಟ್ಟಿದ್ದಾರೆ. ಪುರಾಣದ ಪ್ರಕಾರ ವೈಕುಂಠಕ್ಕೆ ಹೋಗಬೇಕಾದರೆ ಪುಣ್ಯ ಮಾಡಬೇಕು, ಆಮೇಲೆ ಸಾಯಬೇಕು. ಹೊಸಪೇಟೆಯ ವೈಕುಂಠಕ್ಕೆ ಅಷ್ಟೆಲ್ಲ ಕಷ್ಟವಿಲ್ಲ, ಸಾಹೇಬರ ಚೀಟಿ ಸಾಕು. ನಮ್ಮವರು ಪುಣ್ಯದ ದಾರಿಯಿಂದಲೂ ಅಲ್ಲಿಗೆ ಹೋದದ್ದಿಲ್ಲ, ಚೀಟಿಯ ದಾರಿಯಿಂದಲೂ ಹೋದದ್ದು ಕಡಿಮೆ. ಹೋದವರು ಕಸಬರಿಗೆ ಹಿಡಿದು ಹೋಗಿದ್ದಾರೆ.

ಈ ಗೋಡೆಗೆ 1945ರ ಫೆಬ್ರವರಿ 28ರಂದು ಅಡಿಗಲ್ಲು ಹಾಕಿದರು. ಆ ದಡದಲ್ಲಿ ಹೈದರಾಬಾದಿನ ನಿಜಾಮನ ಕಡೆಯಿಂದ ಬೇರಾರಿನ ರಾಜಕುಮಾರ, ಈ ದಡದಲ್ಲಿ ಮದ್ರಾಸಿನ ಗವರ್ನರ್ ಆರ್ಥರ್ ಹೋಪ್. ಒಂದು ನದಿಗೆ ಎರಡು ಸರ್ಕಾರ, ಎರಡು ಅಡಿಗಲ್ಲು. 1953ರ ಜುಲೈಯಲ್ಲಿ ಕಾಲುವೆಗೆ ನೀರು ಬಿಟ್ಟರು. ಇಂಜಿನಿಯರ್ ತಿರುಮಲೆ ಅಯ್ಯಂಗಾರ್ ಹೆಸರನ್ನು ಇವತ್ತಿಗೂ ಎಲ್ಲರೂ ಹೇಳುತ್ತಾರೆ; ಹೇಳಲಿ, ಬುದ್ಧಿವಂತ ಮನುಷ್ಯ. ಸಿಮೆಂಟಿಗೆ ಬದಲು ಸುಣ್ಣ ಸುರ್ಕಿ ಗಾರೆಯಲ್ಲಿ ಕಲ್ಲು ಕಟ್ಟಿ ನಿಲ್ಲಿಸಿದ ಡ್ಯಾಮು ಅದು, ಇವತ್ತಿಗೂ ನಿಂತಿದೆ. ಆದರೆ ಗಾರೆ ಅರೆದವರು ಯಾರು? ಸುಣ್ಣ ಸುಟ್ಟವರು, ಗುಡ್ಡಕ್ಕೆ ಕುಳಿ ಹೊಡೆದು ಮದ್ದು ತುಂಬಿದವರು, ಬುಟ್ಟಿ ಹೊತ್ತವರು, ಬುಟ್ಟಿಯ ಜೊತೆ ಕಂಕುಳಲ್ಲಿ ಕೂಸನ್ನೂ ಹೊತ್ತವರು ಯಾರು? ಕಲ್ಲು ಒಡೆಯುವುದು, ಮಣ್ಣು ಹೊರುವುದು ಈ ದೇಶದಲ್ಲಿ ಯಾವ ಕೇರಿಯ ಕೆಲಸ ಅಂತ ನಾವು ಬರೆದು ತಿಳಿಸಬೇಕಿಲ್ಲ. ಅವರ ಹೆಸರು ಹೇಳುವವರನ್ನು ನಾವು ಇನ್ನೂ ಕಂಡಿಲ್ಲ. ಗೈಡು ಗೇಟಿನ ತೂಕ ಹೇಳುತ್ತಾನೆ, ಗೇಟಿನ ಎತ್ತರ ಹೇಳುತ್ತಾನೆ, ಕಲ್ಲು ಹೊತ್ತವಳ ತೂಕ ಹೇಳುವುದಿಲ್ಲ.

ಇನ್ನು ಖರ್ಚಿನ ಮಾತಿಗೆ ಬರೋಣ.

ಡ್ಯಾಮಿನ ಚೆಲುವು ಯಾವ ತಿಂಗಳಲ್ಲಿ? ಜುಲೈ, ಆಗಸ್ಟು. ಗೇಟು ಎತ್ತುವುದು ಆಗ, ನೊರೆ ಹಾರುವುದು ಆಗ, ಫೋಟೋ ಬರುವುದು ಆಗ. ಅದೇ ಜುಲೈ ಆಗಸ್ಟಿನಲ್ಲಿ ಕಾಲುವೆಗೆ ನೀರು ಬಿಡುತ್ತಾರೆ. ನೀರು ಬಿಟ್ಟರೆ ನಾಟಿ. ಕಂಪ್ಲಿ, ಕುರುಗೋಡು, ಸಿರುಗುಪ್ಪ, ಕಾಲುವೆಯ ಉದ್ದಕ್ಕೂ ಮಡಿಗಳಲ್ಲಿ ಹೆಣ್ಣುಮಕ್ಕಳು ಸಾಲುಗಟ್ಟಿ ಬೆನ್ನು ಬಗ್ಗಿಸಿ ನಿಂತಿರುತ್ತಾರೆ. ಬೆಳಗ್ಗೆ ಕತ್ತಲಲ್ಲಿ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ನಿಂತುಕೊಂಡು ಹೋದರೆ ಸಂಜೆ ನಿಂತುಕೊಂಡೇ ವಾಪಸು. ಕಾಲ್ಬೆರಳ ಸಂದಿ ಕೊಳೆಯುತ್ತದೆ, ಸೊಂಟ ಮರಗಟ್ಟುತ್ತದೆ. ಆ ದಿನಗಳಲ್ಲಿ ಒಬ್ಬಳಿಗೆ ಒಂದು ದಿನ ಬಿಡುವು ಕೇಳಿ ನೋಡಿ. ಸಸಿ ಬಲಿಯುತ್ತದೆ, ನೀರು ನಿಲ್ಲುತ್ತದೆ, ಮುಂದಿನ ಸಲ ಕರೆಯೋದಿಲ್ಲ. ಅಂದರೆ, ಆ ನೀರು ನೋಡಲು ಚೆಂದವಾಗಿರುವ ದಿನವೇ ಆ ನೀರಿನಲ್ಲಿ ನಿಲ್ಲುವವರಿಗೆ ಅದನ್ನು ನೋಡಲು ಬರುವುದಿಲ್ಲ. ಇದು ಯಾರೋ ಒಬ್ಬ ಕೆಟ್ಟ ಗೌಡ ಮಾಡಿದ ಕಿತಾಪತಿಯಲ್ಲ. ಎಲ್ಲರೂ ಒಳ್ಳೆಯವರಾಗಿದ್ದರೂ ಹೀಗೇ ನಡೆಯುವಂತೆ ಕಟ್ಟಿದ್ದಾರೆ ಈ ವ್ಯವಸ್ಥೆಯನ್ನು.

ನಮ್ಮ ಕೇರಿಯ ಒಬ್ಬ ಅಜ್ಜಿಯನ್ನು ಕೇಳಿದೆವು: "ಅಜ್ಜಿ, ಡ್ಯಾಮು ನೋಡೀಯೇನ ಬೇ?"

"ನಾ ಯಾಕ ಹೋಗಿ ನೋಡ್ಲಿ ಯಪ್ಪಾ? ಅದೇ ದಿನಾ ನನ ಮೊಣಕಾಲ ಮಟ ಬಂದು ನನ್ನ ನೋಡಿಕೊಂಡು ಹೋಗತೈತಿ" ಅಂದಳು.

ನಾವು ಬಿ.ಎ. ಓದಿದವರು, ಕವಿತೆ ಬರೆಯುತ್ತೇವೆ ಅಂತ ನಾಲ್ಕು ಜನ ಹೇಳುತ್ತಾರೆ. ಆದರೆ ಡ್ಯಾಮಿನ ಮೇಲೆ ಇದಕ್ಕಿಂತ ಒಳ್ಳೆಯ ಸಾಲು ನಮ್ಮಲ್ಲಿ ಯಾರೂ ಬರೆದಿಲ್ಲ.

ರಜೆ ಎಂಬ ಮಾತೇ ನಮ್ಮ ಕೇರಿಗೆ ಹೊಸದು. ಕೂಲಿ ಇಲ್ಲದ ದಿನ ಅಂತ ಇದೆ, ಜ್ವರ ಬಂದ ದಿನ ಅಂತ ಇದೆ, ಸತ್ತವರನ್ನು ಮಣ್ಣು ಮಾಡುವ ದಿನ ಅಂತ ಇದೆ. ರಜೆ ಅಂದರೆ ಕೆಲಸವಿದ್ದೂ ಮಾಡದೆ, ಕೂಲಿಯೂ ಬರುವ ದಿನ. ಅಂಥದ್ದು ಯಾರಿಗಿದೆ ಈ ನಾಡಿನಲ್ಲಿ? ಎತ್ತಿಗಿದೆ. ಸೋಮವಾರ ಎತ್ತಿನ ಕೊರಳಿಗೆ ನೊಗ ಇಡಬಾರದು, ಬಸವಣ್ಣನ ವಾರ, ಪಾಪ ಬರುತ್ತದೆ. ನಮ್ಮ ಕುರುಗೋಡಿನಲ್ಲಿ ದೊಡ್ಡಬಸಪ್ಪ ಕುಳಿತಿದ್ದಾನೆ, ಆಳೆತ್ತರಕ್ಕೂ ಮೀರಿದ ಕಲ್ಲಿನ ಬಸವ, ತೇರು ಎಳೆಯಲು ಸಾವಿರಾರು ಜನ ಸೇರುತ್ತಾರೆ. ಕಲ್ಲಿನ ಬಸವನಿಗೆ ಪೂಜೆ, ಜೀವ ಇರುವ ಬಸವನಿಗೆ ಸೋಮವಾರ ಬಿಡುವು. ಅದು ಒಳ್ಳೆಯದೇ, ಮೂಕ ಪ್ರಾಣಿ. ಆದರೆ ಎತ್ತಿನ ಹಿಂದೆ ಹೋಗುವವನಿಗೆ ಯಾವ ವಾರ? ಆ ಸೋಮವಾರವೂ ಅವನು ದನದ ಕೊಟ್ಟಿಗೆ ಬಳಿಯಬೇಕು, ಗೊಬ್ಬರ ಹೊರಬೇಕು. ನೂರಾರು ವರ್ಷ ಎತ್ತಿನ ಆಯಾಸ ಕಂಡ ಧರ್ಮಕ್ಕೆ ಆಳಿನ ಆಯಾಸ ಕಾಣಲಿಲ್ಲ. ಜೀತ ರದ್ದು ಮಾಡಿ ಕಾಯ್ದೆ ಬಂದದ್ದು 1976ರಲ್ಲಿ. 1948ರ ಕನಿಷ್ಠ ಕೂಲಿ ಕಾಯ್ದೆಯಲ್ಲಿ ವಾರಕ್ಕೊಂದು ದಿನ ಬಿಡುವು, ಆ ದಿನದ ಸಂಬಳವೂ ಉಂಟು ಅಂತ ಬರೆದಿತ್ತು. ಅದನ್ನು ಓದಿ ಹೇಳಿದರೆ ನಮ್ಮ ಊರಿನ ಜಮೀನುದಾರರು ನಗುತ್ತಾರೆ. ನಮ್ಮವರೂ ನಗುತ್ತಾರೆ, ಅದೇ ದುಃಖ.

ಒಂದು ವಿಷಯ ನೆನಪಿಟ್ಟುಕೊಳ್ಳಿ. ತುಂಗಭದ್ರೆಗೆ ಅಡಿಗಲ್ಲು ಬಿದ್ದ 1945ನೇ ಇಸವಿಯಲ್ಲಿಯೇ ಕಾರ್ಖಾನೆ ಕೂಲಿಗಳಿಗೆ ಸಂಬಳ ಸಹಿತ ರಜೆ ಕೊಡುವ ತಿದ್ದುಪಡಿ ಕಾಯ್ದೆಯಾಯಿತು. ಆಗ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ಹಿಡಿದಿದ್ದವರು ಬಾಬಾಸಾಹೇಬ ಅಂಬೇಡ್ಕರ್. ಮರುವರ್ಷ ವಾರಕ್ಕೆ 48 ಗಂಟೆ ಅಂತ ದುಡಿಮೆಯ ಹೊತ್ತನ್ನು ಇಳಿಸುವ ಮಸೂದೆಯನ್ನೂ ತಂದರು. ಇವತ್ತು ಭಾನುವಾರ ಕಾರು ಹತ್ತಿ ಡ್ಯಾಮಿಗೆ ಹೋಗುವ ನೌಕರರು, ಗುಮಾಸ್ತರು, ಕಾರ್ಖಾನೆಯವರು ತಮ್ಮ ರಜೆಯ ಹಿಂದೆ ಯಾರ ದುಡಿಮೆ ಇದೆ ಅಂತ ಒಂದು ಸಲ ಕೇಳಿಕೊಳ್ಳಲಿ. ಏಪ್ರಿಲ್ 14ರಂದು ಕೂಡ ಅವರಿಗೆ ರಜೆಯೇ; ಬಹಳ ಜನ ಅವತ್ತೂ ಡ್ಯಾಮಿಗೇ ಹೋಗುತ್ತಾರೆ.

ಈಗ ಇನ್ನೊಂದು ಗುಂಪಿನವರಿದ್ದಾರೆ, ಅವರ ಜೊತೆಯೂ ನಮಗೆ ಜಗಳವಿದೆ. ಅವರು ಡ್ಯಾಮು ನೋಡಿ ಹಾಡುವವರಲ್ಲ, ಅಳುವವರು. ಬೇಸಿಗೆಯಲ್ಲಿ ನೀರು ಇಳಿದಾಗ ಹಿನ್ನೀರಿನಲ್ಲಿ ಹಳೆಯ ಗುಡಿಯ ಕಂಬ ಮೇಲೆ ಬರುತ್ತದೆ. ಇವರು ಹೋಗಿ ಅದನ್ನು ಮುಟ್ಟಿ, ಕಣ್ಣೀರು ಹಾಕಿ, ಮುಳುಗಿದ ಹಳ್ಳಿಗಳ ಮೇಲೆ ಲೇಖನ ಬರೆಯುತ್ತಾರೆ. ಮುಳುಗಿದ್ದು ನಿಜ. ತೊಂಬತ್ತರಷ್ಟು ಹಳ್ಳಿ, ಐವತ್ತು ಸಾವಿರಕ್ಕೂ ಹೆಚ್ಚು ಜನ. ನಾರಾಯಣದೇವರಕೆರೆಯಂಥ ದೊಡ್ಡ ಊರೇ ಹೋಯಿತು, ಅಲ್ಲಿನ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆ ನಿಂತರು. ಅವರ ಸಂಕಟ ಸುಳ್ಳು ಅಂತ ನಾವು ಹೇಳುವುದಿಲ್ಲ. ಆದರೆ ಈ ಲೇಖನಗಳಲ್ಲಿ ಬರುವ ಹಳ್ಳಿ ಯಾವುದು? ಗುಡಿ ಬರುತ್ತದೆ, ಅಗಸೆ ಬರುತ್ತದೆ, ತೇರಿನ ಬೀದಿ ಬರುತ್ತದೆ, ಸಿಹಿನೀರಿನ ಬಾವಿ ಬರುತ್ತದೆ. ಆ ಗುಡಿಯ ಒಳಗೆ ನಾವಿರಲಿಲ್ಲ. ಆ ಬಾವಿಯ ಹಗ್ಗ ನಮ್ಮ ಕೈಗೆ ಬರಲಿಲ್ಲ. ಮುಳುಗಿದ ಊರಿನಲ್ಲಿ ಹೊಲಗೇರಿ, ಮಾದಿಗೇರಿಯೂ ಮುಳುಗಿತಲ್ಲ, ಅದರ ಬಗ್ಗೆ ಒಂದು ಸಾಲು ಬರೆಯಿರಿ ಅಂದರೆ ಪೆನ್ನಿನಲ್ಲಿ ಶಾಯಿ ಇರುವುದಿಲ್ಲ. ಹಳ್ಳಿ ಅಂದರೆ ಏನು ಅಂತ ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಾರೆ. ಹಳ್ಳಿ ಮುಳುಗಿದ್ದಕ್ಕೆ ನಾವು ಗೊಳೋ ಅಂತ ಅಳುವುದಿಲ್ಲ. ಹಳ್ಳಿ ಮುಳುಗಿದರೂ ಜಾತಿ ಮುಳುಗಲಿಲ್ಲವಲ್ಲ, ಅದಕ್ಕೆ ನಮ್ಮ ಸಿಟ್ಟು. ಸಾಮಾನು ಗಾಡಿಗೆ ಹೇರಿದಾಗ ಪಾತ್ರೆ ಪಗಡಿಯ ಜೊತೆ ಅದನ್ನೂ ಜೋಪಾನವಾಗಿ ಹೇರಿಕೊಂಡು ಬಂದರು. ಹೊಸ ಊರು ಕಟ್ಟಿಕೊಂಡ ಕಡೆ ಹೋಗಿ ನೋಡಿ ಬನ್ನಿ: ಕೇರಿ ಎಲ್ಲಿದೆ, ಊರು ಎಲ್ಲಿದೆ.

ಪರಿಹಾರದ ಲೆಕ್ಕವೂ ಹಾಗೆಯೇ. 1894ರ ಭೂಸ್ವಾಧೀನ ಕಾಯ್ದೆ ಬ್ರಿಟಿಷರದು, ಅದು ಪಟ್ಟಾ ನೋಡುತ್ತಿತ್ತು, ಹೊಟ್ಟೆ ನೋಡುತ್ತಿರಲಿಲ್ಲ. ಭೂಮಿ ಯಾರ ಹೆಸರಿನಲ್ಲಿದೆಯೋ ಅವರಿಗೆ ದುಡ್ಡು. ಆ ಭೂಮಿಯಲ್ಲಿ ಮೂರು ತಲೆಮಾರು ದುಡಿದವನಿಗೆ ಕೆಲಸವೂ ಹೋಯಿತು, ಗುಡಿಸಲೂ ಹೋಯಿತು. ಭೂಮಿ ಇಲ್ಲದೆ ದುಡಿದು ತಿನ್ನುವವನೂ ನಿರಾಶ್ರಿತನೇ ಎಂದು ಕಾನೂನು ಒಪ್ಪಿಕೊಳ್ಳಬೇಕಾದರೆ 2013ರ ಹೊಸ ಕಾಯ್ದೆ ಬರಬೇಕಾಯಿತು. ತುಂಗಭದ್ರೆಯ ಕೂಲಿಯವನಿಗೆ ಅದು ಅರವತ್ತು ವರ್ಷ ತಡ.

ಹಾಗಾದರೆ ಡ್ಯಾಮೇ ಬೇಡವಿತ್ತಾ ಅಂತ ಕೆಲವು ಗೆಳೆಯರು ಕೇಳುತ್ತಾರೆ. ಬೇಕಿತ್ತು. ನಾವು ಆ ಕಡೆ ನಿಲ್ಲುವವರಲ್ಲ. ದಾಮೋದರ, ಮಹಾನದಿ ಯೋಜನೆಗಳು ಕಾಗದದ ಮೇಲೆ ಮೂಡಿದ ಕಾಲದಲ್ಲಿ ನೀರಿನ ವಿಷಯವೂ ಬಾಬಾಸಾಹೇಬರ ಖಾತೆಯಲ್ಲಿತ್ತು. ನದಿ ಕಟ್ಟಿ, ಬರ ತಪ್ಪಿಸಿ, ಕರೆಂಟು ತೆಗೆದು, ಜನರನ್ನು ಬಡತನದಿಂದ ಎತ್ತಬೇಕೆಂದು ಅವರು ನಂಬಿದ್ದರು. ಬಳ್ಳಾರಿ ಸೀಮೆ ಬರದಲ್ಲಿ ಬೆಂದ ಸೀಮೆ. ಬರ ಬಂದಾಗ ಮೊದಲು ಸಾಯುವುದು ಯಾವ ಕೇರಿ ಅಂತ ನಮಗೆ ಗೊತ್ತು. ಆದುದರಿಂದ ನೀರು ನಿಲ್ಲಿಸಿದ್ದು ಸರಿ. ನಿಂತ ನೀರು ಎತ್ತ ಹರಿಯಿತು, ಅದರ ಮೇಲೆಯೇ ನಮ್ಮ ತಕರಾರು.

ಎತ್ತ ಹರಿಯಿತು ಅಂತ ಹೇಳುತ್ತೇವೆ ಕೇಳಿ. ಈ ಯೋಜನೆಯನ್ನು ಮಾಡಿದ್ದು ಬರದಿಂದ ಬೆಳೆ ಉಳಿಸುವುದಕ್ಕೆ. ನೀರನ್ನು ತೆಳ್ಳಗೆ, ಬಹಳ ಊರಿಗೆ ಹಂಚಬೇಕು. ಜೋಳ, ಹತ್ತಿ, ಶೇಂಗಾಕ್ಕೆ ಎರಡು ಮೂರು ನೀರು ಸಿಗಬೇಕು. ಭತ್ತ ಸ್ವಲ್ಪ ಜಾಗದಲ್ಲಿ ಮಾತ್ರ. ಇದು ಕಾಗದದ ಮಾತು. ನಡೆದದ್ದು ಬೇರೆ. ಕಾಲುವೆಯ ಮೇಲ್ಭಾಗದಲ್ಲಿ ಕೈಯಲ್ಲಿ ದುಡ್ಡಿದ್ದವರು, ತೂಬಿನ ಕೀಲಿ ಕೈಯವನನ್ನು ಕೊಂಡುಕೊಳ್ಳಬಲ್ಲವರು, ಎಲ್ಲಿ ಬೇಕಾದಲ್ಲಿ ಭತ್ತ ಹಚ್ಚಿದರು. ಕರಾವಳಿ ಆಂಧ್ರದಿಂದ ಬಂದವರು ಅಗ್ಗಕ್ಕೆ ಬೆದ್ದಲು ಕೊಂಡು, ಮಟ್ಟ ಮಾಡಿ, ಕ್ಯಾಂಪು ಕಟ್ಟಿದರು. ಅವರನ್ನೊಬ್ಬರನ್ನೇ ಬೈದು ನಮ್ಮ ಕಡೆಯ ಗೌಡ ಸಾಹುಕಾರರು ಪಾರಾಗುವುದು ಬೇಡ. ಮಾರಿದವರು, ಪಾಲು ಹಿಡಿದವರು, ಅಕ್ರಮ ತೂಬು ಕೊರೆದವರು ಇವರೂ ಹೌದು. ಮೇಲೆ ಭತ್ತ ನಿಂತರೆ ಕೆಳಗೆ ಕಾಲುವೆ ಒಣಗುತ್ತದೆ. ಕೊನೆಭಾಗದವರು ನೀರಿಗೆ ಧರಣಿ ಕೂರುವುದು ಪ್ರತಿ ವರ್ಷದ ಸುದ್ದಿ. ಆ ಧರಣಿಯಲ್ಲೂ ಪಟ್ಟಾದಾರನ ಮಾತೇ ಮಾತು. ನೀರು ಬಾರದೆ ಕೂಲಿ ಕಳಕೊಂಡವಳ ಹೆಸರು ಮನವಿ ಪತ್ರದಲ್ಲಿ ಇರುವುದಿಲ್ಲ.

ನಮ್ಮವರಿಗೆ ಭೂಮಿ ಸಿಗಲೇ ಇಲ್ಲವೇ? ಅಲ್ಲಲ್ಲಿ ಸಿಕ್ಕಿತು. ದರಖಾಸ್ತಿನಲ್ಲಿ ಎರಡೆಕರೆ, ಮೂರೆಕರೆ, ಕಲ್ಲು ಕೊರಕಲು ಜಾಗ. ಕಾಲುವೆ ಬಂದು ಅದಕ್ಕೆ ಬೆಲೆ ಬಂದ ಮೇಲೆ ಮದುವೆಗೆ, ಆಸ್ಪತ್ರೆಗೆ ಕೊಟ್ಟ ಸಾಲದ ಲೆಕ್ಕದಲ್ಲಿ ಕೈಬಿಟ್ಟು ಹೋಯಿತು. ಹೀಗೆ ಕೈಬಿಟ್ಟು ಹೋದ ಭೂಮಿ ವಾಪಸು ಕೊಡಿಸಲೆಂದೇ 1978ರಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆ ಬಂತು. ಕಾಯ್ದೆ ಇದ್ದರೂ 2017ರಲ್ಲಿ ಸುಪ್ರೀಂ ಕೋರ್ಟು, ತಡವಾಗಿ ಬಂದವರ ಅರ್ಜಿ ನಡೆಯದು, ಸೂಕ್ತ ಕಾಲದೊಳಗೆ ಬರಬೇಕು ಅಂದಿತು. ಓದು ಬರಹ ಬಾರದವನು ಯಾವ ಕಾಲದೊಳಗೆ ಬರಬೇಕಿತ್ತೋ! 2023ರಲ್ಲಿ ತಿದ್ದುಪಡಿ ಮಾಡಿ ಕಾಲಮಿತಿ ಇಲ್ಲವೆಂದರು. ಎಷ್ಟು ಎಕರೆ ನಿಜವಾಗಿ ಮರಳಿ ಕೇರಿಗೆ ಬಂತು ಅಂತ ತಾಲ್ಲೂಕು ತಾಲ್ಲೂಕಿನಲ್ಲಿ ನಾವೇ ಕೇಳಿ ಪಟ್ಟಿ ಮಾಡಬೇಕಾಗಿದೆ. ಅದು ಬೇರೆ ಲೇಖನ.

ಶಾಲೆಯ ಮಾತೊಂದಿದೆ. ಇದನ್ನು ಓದುತ್ತಿರುವ ಬಹಳ ಜನರಿಗೆ ಇದು ಗೊತ್ತು. ವರ್ಷಕ್ಕೊಂದು ಸಲ ಮಾಸ್ತರರು ಟೂರಿನ ದುಡ್ಡು ಕೇಳುತ್ತಾರೆ. ಹಂಪಿ, ಡ್ಯಾಮು. ಕೊಟ್ಟವರು ಬಸ್ಸು ಹತ್ತುತ್ತಾರೆ. ಕೊಡದವರು ಅವತ್ತು ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುತ್ತಾರೆ. ಅಷ್ಟಕ್ಕೇ ಮುಗಿದರೆ ಪರವಾಗಿರಲಿಲ್ಲ. ಪರೀಕ್ಷೆಯಲ್ಲಿ ಪ್ರಬಂಧ ಬರುತ್ತದೆ: 'ನಾನು ಕೈಗೊಂಡ ಪ್ರವಾಸ'. ಹತ್ತು ಅಂಕ. ಹೋಗದವರೂ ಬರೆಯಲೇಬೇಕು. ನಾವು ಬರೆದೆವು. ಬಸ್ಸಿನ ಕಿಟಕಿ ಪಕ್ಕ ಕುಳಿತ ಹಾಗೆ, ತೋಟದಲ್ಲಿ ಅಕ್ಕ ತಮ್ಮಂದಿರ ಜೊತೆ ಬುತ್ತಿ ಬಿಚ್ಚಿ ಪುಳಿಯೋಗರೆ ತಿಂದ ಹಾಗೆ, ಕಾರಂಜಿಯ ಬಣ್ಣ ಕಂಡು ಕುಣಿದ ಹಾಗೆ. ನಮ್ಮ ಮನೆಯಲ್ಲಿ ಯಾರೂ ಪುಳಿಯೋಗರೆ ಮಾಡಿದ್ದಿಲ್ಲ. ಗೈಡಿನಲ್ಲಿದ್ದ ಪ್ರಬಂಧದಲ್ಲಿ ಅದೇ ಇತ್ತು. ಕಥೆ ಕಾದಂಬರಿ ಓದುವ ಮೊದಲೇ ನಾವು ಕಲಿತ ಕಲ್ಪನೆಯ ಸಾಹಿತ್ಯ ಇದು. ಜೋಳದ ರೊಟ್ಟಿ, ಖಾರದ ಬುತ್ತಿ ಕಟ್ಟಿಕೊಂಡು ಟ್ರೇಲರಿನಲ್ಲಿ ಹೋದ 'ಪ್ರವಾಸ'ದ ಬಗ್ಗೆ ಬರೆದಿದ್ದರೆ ಹತ್ತಕ್ಕೆ ಎಷ್ಟು ಕೊಡುತ್ತಿದ್ದರು? ಮಕ್ಕಳನ್ನು ಬಿಟ್ಟು ಹೋಗುವುದು ಒಂದು ಅನ್ಯಾಯ. ಬಿಟ್ಟು ಹೋದ ಮಗುವಿನ ಕೈಯಿಂದಲೇ 'ನಾನೂ ಹೋಗಿದ್ದೆ, ಬಹಳ ಚೆನ್ನಾಗಿತ್ತು' ಅಂತ ಬರೆಸಿಕೊಳ್ಳುವುದು ಅದಕ್ಕಿಂತ ದೊಡ್ಡ ಅನ್ಯಾಯ. ಪರಿಶಿಷ್ಟ ಜಾತಿ ಉಪಯೋಜನೆಗೆ 2013ರಲ್ಲಿ ಕಾಯ್ದೆಯೇ ಆಗಿದೆ. ಅದರ ದುಡ್ಡು ಏನೇನಕ್ಕೋ ಹೋಗುತ್ತದೆ. ಒಂದು ಕೇರಿಯ ಮಕ್ಕಳ ಬಸ್ ಚಾರ್ಜು ಅದರಲ್ಲಿ ಹುಟ್ಟುವುದಿಲ್ಲವೇ?

ನೀರಿನ ದಂಡೆಯಲ್ಲಿ ಗೆರೆ ಎಳೆಯುವುದು ನಮ್ಮ ದೇಶದ ಸ್ವತ್ತಷ್ಟೇ ಅಲ್ಲ. 1919ರ ಜುಲೈ 27, ಭಾನುವಾರ, ಅಮೆರಿಕದ ಶಿಕಾಗೋ. ಬಿಸಿಲು ಬಹಳ. ಮಿಷಿಗನ್ ಸರೋವರದ ದಂಡೆಗೆ ಜನ ರಜೆ ಕಳೆಯಲು ಹೋಗಿದ್ದರು. ಯೂಜೀನ್ ವಿಲಿಯಮ್ಸ್ ಅಂತ ಹದಿನೇಳು ವರ್ಷದ ಕರಿಯ ಹುಡುಗ ತೆಪ್ಪದ ಮೇಲೆ ಈಜುತ್ತ ಈಜುತ್ತ ಬಿಳಿಯರ ಭಾಗದ ನೀರಿಗೆ ತೇಲಿಹೋದ. ನೀರಿನ ಮೇಲೆ ಗೆರೆ ಇರಲಿಲ್ಲ, ಬಿಳಿಯರ ತಲೆಯಲ್ಲಿತ್ತು. ಕಲ್ಲು ತೂರಿದರು. ಹುಡುಗ ಮುಳುಗಿ ಸತ್ತ. ಪೊಲೀಸನು ಕಲ್ಲು ತೂರಿದವನನ್ನು ಹಿಡಿಯಲಿಲ್ಲ. ಆಮೇಲೆ ಊರಿಗೆ ಬೆಂಕಿ ಬಿತ್ತು, 38 ಜನ ಸತ್ತರು, ಅದರಲ್ಲಿ 23 ಜನ ಕರಿಯರು. ಎಂಟು ವರ್ಷದ ನಂತರ, 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ನೀರು ಕುಡಿದರು. ದನ ಕುಡಿಯುವ ಕೆರೆ ಅದು. ಮನುಷ್ಯರು ಕುಡಿದದ್ದಕ್ಕೆ ದೊಣ್ಣೆ ಬಿತ್ತು, ಸಗಣಿ ಗಂಜಳ ಸುರಿದು ಕೆರೆಯನ್ನು ಶುದ್ಧ ಮಾಡಿದರು. ಕೋರ್ಟಿನಲ್ಲಿ ಹತ್ತು ವರ್ಷ ಹೋರಾಡಿ 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಗೆದ್ದರು. ನೀರಿನ ಹತ್ತಿರ ಹೋಗುವುದು ಅಂದರೆ ನಮಗೆ ಯಾವತ್ತೂ ಬರೀ ತಂಪಿಗೆ ಹೋಗುವುದಲ್ಲ, ಅದಕ್ಕೇ ಇಷ್ಟು ಹೇಳಬೇಕಾಯಿತು.

ನಮ್ಮಲ್ಲೇ ಕೆಲವು ಗೆಳೆಯರು, ಬಹಳ ಕ್ರಾಂತಿಕಾರಿಗಳು, "ಪ್ರವಾಸ, ಪಿಕ್ನಿಕ್ಕು ಇದೆಲ್ಲ ಬೂರ್ಜ್ವಾ ಚಟ, ದಲಿತರಿಗೆ ಬೇಕಿಲ್ಲ" ಅನ್ನುತ್ತಾರೆ. ನಾವು ಒಪ್ಪುವುದಿಲ್ಲ. ಯಾಕೆ ಬೇಕಿಲ್ಲ? ನಮ್ಮ ಜನಕ್ಕೆ ಮನೆ ಬಿಟ್ಟು ಹೋಗಲು ಇದ್ದದ್ದು ಎರಡೇ ದಾರಿ. ಒಂದು ಗುಳೆ. ಇನ್ನೊಂದು ಜಾತ್ರೆ. ಡ್ಯಾಮಿನ ಮಗ್ಗುಲಲ್ಲೇ ಹುಲಿಗಿ ಇದೆ. ಹುಣ್ಣಿಮೆಗೆ ನಮ್ಮ ಕೇರಿ ಕೇರಿಯೇ ಕೋಳಿ ಕುರಿ ಕಟ್ಟಿಕೊಂಡು ಹುಲಿಗೆಮ್ಮನ ಹತ್ತಿರ ಹೋಗುತ್ತದೆ. ಅದೇ ಹೊಳೆ, ಅದೇ ನೀರು. ಆದರೆ ಅಲ್ಲಿ ಹೋಗುವುದು ಹರಕೆ ತೀರಿಸಲು, ಸಾಲ ಮಾಡಿಕೊಂಡು, ಹೆದರಿಕೊಂಡು. ಮುತ್ತು ಕಟ್ಟಿ ನಮ್ಮ ಅಕ್ಕ ತಂಗಿಯರನ್ನು ಬಸವಿ ಬಿಟ್ಟದ್ದು ಇಂಥ ದೇವಿಯರ ಹೆಸರಿನಲ್ಲಿಯೇ. ಆ ಪದ್ಧತಿ ನಿಲ್ಲಿಸಲು 1982ರಲ್ಲಿ ಕಾಯ್ದೆ ಮಾಡಬೇಕಾಯಿತು. ಭಯವಿಲ್ಲದೆ, ಹರಕೆಯಿಲ್ಲದೆ, ಸಾಲವಿಲ್ಲದೆ ಒಂದು ದಿನ ನೀರಿನ ಮುಂದೆ ಸುಮ್ಮನೆ ಕುಳಿತು ಬರುವ ಹಕ್ಕು ನಮ್ಮ ತಾಯಂದಿರಿಗೆ ಬೇಡವೆ? ಬೇಕು. ಕೂಲಿ ಹೆಚ್ಚಿಸಿ ಅಂತ ಕೇಳುವಷ್ಟೇ ಗಟ್ಟಿಯಾಗಿ ಬಿಡುವು ಕೊಡಿ ಅಂತಲೂ ಕೇಳಬೇಕು.

ನೌಕರಿ ಸಿಕ್ಕ ನಮ್ಮ ಹುಡುಗರಿಗೆ ಒಂದು ಮಾತು. ನೀವು ಕಾರು ತಗೊಂಡಿರಿ, ಸಂತೋಷ. ಡ್ಯಾಮಿನ ಕಟ್ಟೆಯ ಮೇಲೆ ಕರಿ ಕನ್ನಡಕ ಹಾಕಿ ಫೋಟೋ ತೆಗೆಸಿಕೊಂಡಿರಿ, ಅದೂ ಸಂತೋಷ. ಹಿಂದಿನ ಸೀಟಿನಲ್ಲಿ ಕೇರಿಯ ಯಾರನ್ನು ಕೂರಿಸಿಕೊಂಡಿರಿ ಅಂತ ಕೇಳಿದರೆ ಮಾತ್ರ ಸಿಟ್ಟಾಗಬೇಡಿ.

ಭಾನುವಾರದ ದಂಡು ಮನೆಗೆ ಹೋದ ಮೇಲೆ ಏನು ಉಳಿಯುತ್ತದೆ ಅಂತ ಸೋಮವಾರ ಬೆಳಗ್ಗೆ ಹೋಗಿ ನೋಡಿ. ಪ್ಲಾಸ್ಟಿಕ್ ತಟ್ಟೆ, ಬಾಟಲಿ, ಮೂಳೆ, ಮಕ್ಕಳ ಚಡ್ಡಿ, ತುಂಬಿ ಹರಿದ ಕಕ್ಕಸು. ಮಲ ಹೊರುವುದನ್ನು 1993ರಲ್ಲಿ ಒಂದು ಸಲ, 2013ರಲ್ಲಿ ಇನ್ನೊಂದು ಸಲ ಕಾನೂನಿನಲ್ಲಿ ನಿಷೇಧಿಸಿದರು. ಪ್ರವಾಸದ ಊರುಗಳಲ್ಲೆಲ್ಲ ಬೆಳಗಿನ ಜಾವ ಬಕೀಟು, ಪೊರಕೆ ಹಿಡಿದವರ ಜಾತಿ ಕೇಳಿ ನೋಡಿ, ಬದಲಾಗಿದೆಯೋ ಇಲ್ಲವೋ ತಿಳಿಯುತ್ತದೆ. ಹೊಸಪೇಟೆ ಇರಲಿ, ಕೆ.ಆರ್.ಎಸ್. ಬೃಂದಾವನ ಇರಲಿ, ಮಳೆಗಾಲದಲ್ಲಿ ಹಸಿರು ನೋಡಲು ಹೋಗುವ ಸಂಡೂರಿನ ನಾರಿಹಳ್ಳ ಇರಲಿ. ಸಂಡೂರಿನ ಗುಡ್ಡಗಳಿಗಂತೂ ಇನ್ನೊಂದು ಕಥೆಯಿದೆ. ಅದಿರು ಬಗೆದು ಬಗೆದು, 2011ರಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಳನ್ನು ನಿಲ್ಲಿಸಬೇಕಾಯಿತು. ಅಲ್ಲಿ ಕೆಂಪು ಧೂಳು ಕುಡಿದು ಅದಿರು ಆರಿಸಿದವರು, ಚಿಕ್ಕ ಮಕ್ಕಳೂ ಸೇರಿ, ಮತ್ತೆ ಅದೇ ಕೇರಿಗಳವರು.

ಡ್ಯಾಮಿಗೂ ವಯಸ್ಸಾಗಿದೆ. ಕಟ್ಟಿದಾಗ 133 ಟಿ.ಎಂ.ಸಿ. ಹಿಡಿಯುತ್ತಿತ್ತು; 2016ರ ಅಳತೆಯಲ್ಲಿ 105ರ ಚಿಲ್ಲರೆಗೆ ಇಳಿದಿತ್ತು. ಉಳಿದದ್ದು ಹೂಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತು. ಮೂರು ರಾಜ್ಯದ ದೊಡ್ಡವರೆಲ್ಲ ಓಡಿಬಂದರು, ಟಿವಿಯವರು ಬಂದರು. ಕನ್ನಯ್ಯ ನಾಯ್ಡು ಅವರು ಲೆಕ್ಕ ಹಾಕಿ ಅಡ್ಡ ತುಂಡುಗಳನ್ನು ಇಳಿಸುವ ಉಪಾಯ ಕೊಟ್ಟರು, ಹರಿಯುವ ನೀರಿಗೇ ಅಡ್ಡ ಹಾಕಿ ಆರೇಳು ದಿನದಲ್ಲಿ ನಿಲ್ಲಿಸಿದರು. ಅವರ ವಿದ್ಯೆಗೆ ಶರಣು. ಆದರೆ ಮೊರೆಯುವ ನೀರಿನ ಮೇಲೆ, ಜೀವ ಕೈಯಲ್ಲಿ ಹಿಡಿದು ಆ ಕಬ್ಬಿಣದ ತುಂಡನ್ನು ಸರಿಯಾಗಿ ಕೂರಿಸಿದ ಕೂಲಿಕಾರರು ಇದ್ದರಲ್ಲ, ಅವರೂ ಎಪ್ಪತ್ತೊಂಬತ್ತು ವರ್ಷದ ಹಿಂದೆ ಬುಟ್ಟಿ ಹೊತ್ತವರ ಸಾಲಿನವರೇ. ಸನ್ಮಾನದ ಶಾಲು ಒಂದು ವಾರದ ಸುದ್ದಿ. ಆಮೇಲೆ 33 ಗೇಟನ್ನೂ ಬದಲಾಯಿಸಬೇಕು ಅಂತ ತಜ್ಞರು ಹೇಳಿದರು. ಬದಲಾಯಿಸಲಿ. ಹೊಸ ಗೇಟಿನ ಕಾಲಕ್ಕಾದರೂ ಕೆಲಸ ಮಾಡಿದ ಪ್ರತಿಯೊಬ್ಬ ಕೂಲಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿ, ವೈಕುಂಠದ ಮೆಟ್ಟಿಲ ಬಳಿಯೇ ನೆಡಲಿ ಅಂತ ನಾವು ಬರೆದು ಕೊಡುತ್ತೇವೆ. ಈಗ ಡ್ಯಾಮು ವಿಜಯನಗರ ಜಿಲ್ಲೆ, ನಾವು ಬಳ್ಳಾರಿ ಜಿಲ್ಲೆ. 2021ರಿಂದ ಹಾಗೆ ಹಂಚಿದ್ದಾರೆ. ಅದಕ್ಕೆ ಅರ್ಜಿಯನ್ನು ಎರಡು ಕಡೆಗೂ ಕೊಡುವುದು.

ನಾವು ಮಾಡಿರುವ ತೀರ್ಮಾನ ಇಷ್ಟು. ಮುಂದಿನ ಮುಂಗಾರಿನಲ್ಲಿ ಗೇಟು ಎತ್ತಿದ ವಾರ, ನಾಟಿಯ ನಡುವೆಯೇ, ಒಂದು ದಿನ ಕುರುಗೋಡು ಸುತ್ತಿನ ಕೇರಿಗಳ ನಾಟಿ ಹೆಣ್ಣುಮಕ್ಕಳು ಡ್ಯಾಮಿಗೆ ಹೋಗುವುದು. ನಾಟಿ ಮುಗಿದ ಮೇಲೆ ಹೋಗಿರಿ ಅಂತ ಜಮೀನುದಾರರು ಹೇಳುತ್ತಾರೆ. ಮುಗಿದ ಮೇಲೆ ಗೇಟು ಇಳಿಸಿರುತ್ತಾರೆ. ಆ ದಿನದ ಕೂಲಿಯನ್ನು ಅವರೇ ಕೊಡಬೇಕು, ಹದಿನೈದು ದಿನ ಮೊದಲೇ ಮನೆ ಮನೆಗೆ ಹೋಗಿ ಹೇಳಿ ಬರುತ್ತೇವೆ. ಕೊಟ್ಟರೆ ಮರುದಿನ ಗದ್ದೆಗೆ ಎಲ್ಲರೂ ಬರುತ್ತಾರೆ. ಕೊಡದಿದ್ದರೆ ಮರುದಿನವೂ ಬರುವುದಿಲ್ಲ. ಗುತ್ತಿಗೆ ಹಿಡಿದ ಮೇಸ್ತ್ರಿಗಳಿಗೂ ಇದೇ ಮಾತು.

ಟೂರಿಗೆ ಬಿಟ್ಟುಹೋದ ಮಕ್ಕಳ ಹೆಸರನ್ನು ಈಗಲೇ ಬರೆಸಿ. ದೊಡ್ಡವರ ಹೆಸರನ್ನು ಈ ಪತ್ರಿಕೆ ಮಾರುವವರ ಹತ್ತಿರವೇ ಕೊಡಿ, ಪಟ್ಟಿ ಅವರ ಬಳಿ ಇದೆ. ಬುತ್ತಿ ನಿಮ್ಮದು, ಖರ್ಚು ಚಂದಾದಿಂದ. ಟ್ರ್ಯಾಕ್ಟರ್ ಬೇಡ, ಲಾರಿ ಬೇಡ. ಬಸ್ಸು ಮಾಡುತ್ತೇವೆ, ಎಲ್ಲರೂ ಕುಳಿತುಕೊಂಡು ಹೋಗುವುದು.